ಯೂಸ್ಟೇಸನ ಒಂಬತ್ತನೆಯ ಬೆಕ್ಕು

ಕುದ್ರೋಳಿಯಲ್ಲಿ ಸೈಮನ್‌ನ ಬೇಕರಿಯ ಇಲಿಗಳನ್ನು ನೋಡದವರು ಇಲಿಯ ಬಗ್ಗೆ ಮಾತಾಡಬಾರದು. ಒಂದೊಂದೂ ಎಳೆಗರುವಿನಷ್ಟಿತ್ತು. ಮೈದಾ ಚೀಲಕ್ಕೆ ತೂತು ಕೊರೆಯುವ ಕೀಳು ಕೆಲಸ ಅವು ಮಾಡುತ್ತಿರಲಿಲ್ಲ. ಹೊಲಿಗೆ ಬಿಚ್ಚಿ, ಬೇಕಾದಷ್ಟು ತಿಂದು, ಮತ್ತೆ ಹೊಲಿದಿಡುತ್ತಿದ್ದವು. ಇವುಗಳನ್ನು ಎದುರಿಸಲು ಯೂಸ್ಟೇಸ್ ಒಂಬತ್ತು ಬೆಕ್ಕು ಸಾಕಿದ್ದ.

ಯೂಸ್ಟೇಸ್ ಅಲ್ಲಿ ಒಲೆ ನೋಡುವವನು, ನಾನು ಹಿಟ್ಟು ನಾದುವವನು. ಸೈಮನ್‌ನ ಅಪ್ಪನ ಕಾಲದಿಂದ ಅದೇ ಒಲೆಯ ಬಾಯಲ್ಲಿ ನಿಂತು ನಿಂತು ಅವನ ಮುಂಗೈಯಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ೧೯೬೧ರಲ್ಲಿ ಹೆಂಡತಿ ಹೆಲನ್ ತೀರಿಕೊಂಡಾಗ, ಮಣ್ಣು ಮಾಡಿ ನೇರ ಬೇಕರಿಗೆ ಬಂದು ಬನ್ನಿನ ತಟ್ಟೆಗಳನ್ನು ಒಲೆಗೆ ತಳ್ಳಿದ. ಮನೆಗೆ ಹೋಗು ಎಂದವರಿಗೆ, "ಬನ್ನು ಕರಿಯಾಗ್ತದಲ್ಲ" ಎಂದನಂತೆ. ಆ ಮೇಲೆ ಅವನು ಆಡಿದ ಮಾತುಗಳನ್ನೆಲ್ಲ ಸೇರಿಸಿದರೂ ಒಂದು ಬಸ್ ಟಿಕೆಟಿನ ಹಿಂಬದಿ ತುಂಬದು.

ತಿನ್ನುವ ಪದಾರ್ಥ ಎಸೆಯಬಾರದು ಎಂಬುದೊಂದೇ ಅವನ ನಿಯಮ. ಬೆಕ್ಕುಗಳಿಗೆ ಬೂತಾಯಿ ಮೀನಿನ ತಲೆಗಳನ್ನು ಬೇಯಿಸಿ ಹಾಕುತ್ತಿದ್ದ. ಒಂದು ಬಿಟ್ಟದ್ದನ್ನು ಇನ್ನೊಂದರ ಮುಂದೆ ತಳ್ಳುತ್ತಿದ್ದ.

೧೯೬೬ರ ಮಳೆ ನಿಂತ ಮೇಲೆ 'ಬನ್' ಎಂಬ ಗಂಡು ಬೆಕ್ಕು ಊಟ ಬಿಟ್ಟಿತು. ಕುತ್ತಿಗೆಯಲ್ಲಿ ಗಂಟು, ಒಸಡು ಕಾಗದದಷ್ಟು ಬಿಳಿ. ಯೂಸ್ಟೇಸ್ ಮುಳ್ಳು ಬಿಡಿಸಿ ಮೀನು ಕೊಟ್ಟ. ಅದು ಎರಡು ಸಲ ನೆಕ್ಕಿ ಬಿಟ್ಟದ್ದನ್ನು ಉಳಿದವಕ್ಕೆ ಹಂಚಿದ. ಬನ್ ಸತ್ತಿತು. ಕೆಲವು ತಿಂಗಳ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಪ್ರತಿ ಸಲವೂ ಹಿತ್ತಲಲ್ಲಿ ಹೂತು, ಕೈ ತೊಳೆದು, ಒಲೆಗೆ ಬಂದ. ಮರುವರ್ಷದ ಕ್ರಿಸ್ಮಸ್ಸಿಗೆ ಎಂಟು ಹೋಗಿದ್ದವು. ಉಳಿದದ್ದು 'ರಸ್ಕ್' ಎಂಬ ಹಳದಿ ಹೆಣ್ಣು ಬೆಕ್ಕು. ನಡುವೆ ಅದೂ ಒಂದು ವಾರ ಜ್ವರ ಬಂದು ಸೌದೆಯ ಹಿಂದೆ ಬಿದ್ದಿತ್ತು. ಆಮೇಲೆ ಎದ್ದು ಬಂದು ಮೀನು ಕೇಳಿತು.

ಬನ್ನು ಕೊಳ್ಳಲು ಬಂದ ದನದ ಡಾಕ್ಟರು ಚಿತ್ತರಂಜನರು ರಸ್ಕಿನ ಕುತ್ತಿಗೆ ಮುಟ್ಟಿ ನೋಡಿದರು.

"ಇದು ಒಂದು ವೈರಸ್ಸು ಅಂತ ನನಗೆ ಕಾಣ್ತದೆ. ಮೂರು ವರ್ಷದ ಹಿಂದೆ ಸ್ಕಾಟ್ಲೆಂಡಿನಲ್ಲಿ ಕಂಡುಹಿಡಿದಿದ್ದಾರೆ. ಬೆಕ್ಕುಗಳಿಗೆ ರಕ್ತದ ಕ್ಯಾನ್ಸರ್ ತರ್ತದಂತೆ. ಒಂದೇ ಮನೆಯ ಬೆಕ್ಕುಗಳು ಸಾಲಾಗಿ ಸತ್ತದ್ದು ನೋಡಿ ಅನುಮಾನ ಬಂದದ್ದು. ಜೊಲ್ಲಿನಿಂದ ಹೋಗ್ತದೋ ಏನೋ."

"ಬಿಟ್ಟ ಮೀನು ಹಂಚಿದ್ದು ನಾನೇ" ಎಂದ ಯೂಸ್ಟೇಸ್.

ಡಾಕ್ಟರು ರಸ್ಕಿನ ಬಾಯಿ ತೆರೆದು ಒಸಡು ನೋಡಿದರು.

"ಇದಕ್ಕೆ ಯಾಕೆ ಎಂತ ಆಗ್ಲಿಲ್ಲ? ಎಲ್ಲಕ್ಕಿಂತ ಹೆಚ್ಚು ತಿಂದದ್ದು ಇದೇ."

"ಕೆಲವರ ಮೈ ಒಳಗೆ ಬಂದದ್ದನ್ನು ಗುರುತು ಹಿಡಿದು ಹೊಡೆದು ಹಾಕ್ತದೆ, ಸಿಡುಬು ಬಂದು ಬದುಕಿದವರ ಹಾಗೆ. ಇಲ್ಲದಿದ್ರೆ ಅದು ಒಳಗೇ ಇದ್ದು, ಬೇರೆ ಬೆಕ್ಕಿಗೆ ದಾಟ್ತಾ ಇರ್ತದೆ. ಎರಡರಲ್ಲಿ ಯಾವುದು ಅಂತ ನೋಡ್ಲಿಕ್ಕೆ ನನ್ನ ಹತ್ರ ಯಂತ್ರ ಇಲ್ಲ. ಕಾಯ್ಬೇಕು. ಬೇರೆ ಬೆಕ್ಕಿನ ಜೊತೆ ಬಿಡ್ಬೇಡಿ."

"ಎಲ್ಲ ಹಿಟ್ಟಿಗೂ ಒಂದೇ ಹುಳಿ ಹಾಕಿದ್ದು" ಎಂದ ಯೂಸ್ಟೇಸ್. "ಒಂದು ಮಾತ್ರ ಉಬ್ಬಿತು."

ಕ್ಯಾನ್ಸರ್ ಎಂಬ ಪದ ಬೇಕರಿಯ ಹೊಸ್ತಿಲು ದಾಟಿತು. ಬಿಕರ್ನಕಟ್ಟೆ ಮುಟ್ಟುವಷ್ಟರಲ್ಲಿ ಸುದ್ದಿಯಿಂದ ಬೆಕ್ಕು ಬಿದ್ದುಹೋಗಿ, ಬ್ರೆಡ್ಡಿಗೇ ಕ್ಯಾನ್ಸರ್ ಆಗಿತ್ತು. ಅಲ್ಲಿಯ ಇಗರ್ಜಿಯಲ್ಲಿ ಬಾಲಯೇಸುವಿನ ಮುಂದೆ ನಮ್ಮ ಬ್ರೆಡ್ಡಿನ ಹೆಸರಿನಲ್ಲಿ ನಾಲ್ಕು ಸಾವಿರ ಮೇಣದ ಬತ್ತಿ ಉರಿದವು ಎಂದರೆ ನೀವು ನಂಬುವುದಿಲ್ಲ. ಬೇಡ, ಮೂರು ಸಾವಿರ ಎನ್ನಿ.

ಸೈಮನ್ ಬಂದ. "ಯೂಸ್ಟೇಸ್ ಬಾಬ್, ಮನುಷ್ಯರಿಗೂ ಬರ್ತದಂತಲ್ಲ."

"ಹಾಗೆ ಎಲ್ಲಿಯೂ ಕಂಡಿಲ್ಲ ಅಂತ ಡಾಕ್ಟ್ರು ಹೇಳಿದ್ರು."

"ನನಗೆ ಹೇಳಿ ಎಂತ ಪ್ರಯೋಜನ? ಬನ್ನು ವಾಪಸ್ಸು ತಂದು ಮೇಜಿನ ಮೇಲೆ ಇಟ್ಟು ಹೋಗ್ತಾರೆ ಮಾರಾಯ್ರೇ. ಆ ಬೆಕ್ಕನ್ನು ಕೂಳೂರು ಸೇತುವೆ ದಾಟಿಸಿ ಬಿಟ್ಟು ಬನ್ನಿ. ಇವತ್ತೇ."

ಯೂಸ್ಟೇಸ್ ಹೂಂ ಎಂದ. ರಸ್ಕನ್ನು ಖಾಲಿ ಮೈದಾ ಚೀಲದಲ್ಲಿ ಹಾಕಿ ಮಧ್ಯಾಹ್ನದ ಬಸ್ಸು ಹತ್ತಿದ.

"ಎಂತ ಪೊರ್ಬುಗಳೇ, ಚೀಲ ಅಳ್ತಾ ಉಂಟು?" ಎಂದ ಕಂಡಕ್ಟರ್ ಉಮರಬ್ಬ. ಕ್ರಿಶ್ಚಿಯನ್ನರೆಲ್ಲ ಅವನಿಗೆ ಪೊರ್ಬುಗಳು, ಅವನು ಅವರಿಗೆ ಬ್ಯಾರಿ.

"ಬೆಕ್ಕು."

"ಮೈದಾ ಚೀಲದಲ್ಲಿ ಬೆಕ್ಕು. ಪಫ್ಸಿಗಾ?"

ಬಸ್ಸೆಲ್ಲ ನಕ್ಕಿತು. ಯೂಸ್ಟೇಸ್ ಹೊಳೆ ನೋಡುತ್ತಿದ್ದ.

ಸೇತುವೆಯ ಆಚೆ ಇಳಿದು, ದಂಡೆಯಲ್ಲಿ ಚೀಲದ ಬಾಯಿ ಬಿಚ್ಚಿದ. ಅಲ್ಲಿ ಮೀನು ಒಣಗಿಸಲು ಹಾಕಿದ್ದರು. ಮೀನಿದ್ದಲ್ಲಿ ಬೆಕ್ಕು, ಸಣ್ಣವು, ದೊಡ್ಡವು, ಬಸುರಿಗಳು. ನಾನು ಹೇಳಿದರೆ ಐನೂರು; ಯೂಸ್ಟೇಸ್ ಎಣಿಸಿದ್ದು ಹನ್ನೊಂದು. ಒಂದು ಕಪ್ಪು ಮರಿ ಬಂದು ಚೀಲವನ್ನು ಮೂಸಿ, ರಸ್ಕಿನ ಮೂತಿಯ ಕಡೆಗೆ ತನ್ನ ಮೂತಿ ಚಾಚಿತು.

ಯೂಸ್ಟೇಸ್ ಮರಿಯನ್ನು ಕಾಲಿನಿಂದ ಬದಿಗೆ ಸರಿಸಿ ಚೀಲ ಕಟ್ಟಿದ. ಅದೇ ಬಸ್ಸು ತಿರುಗಿ ಬರುವವರೆಗೆ ಬಿಸಿಲಲ್ಲಿ ನಿಂತ.

"ಬಿಡ್ಲಿಲ್ಲವಾ?" ಎಂದ ಉಮರಬ್ಬ.

"ಅಲ್ಲಿ ತುಂಬ ಬೆಕ್ಕು ಉಂಟು ಬ್ಯಾರಿಗಳೇ."

"ಒಳ್ಳೆದೇ ಆಯ್ತಲ್ಲ. ಇದಕ್ಕೆ ಜೊತೆ."

"ಅದೇ" ಎಂದ ಯೂಸ್ಟೇಸ್.

ಅವನು ಬೇಕರಿಗೆ ಬೆಕ್ಕು ತರಲಿಲ್ಲ. ತನ್ನ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಅದನ್ನಿಟ್ಟು ಬಾಗಿಲು ಹಾಕಿದ. ಕಿಟಕಿಗೆ ಬಲೆ ಹೊಡೆದ. ಪ್ರತಿ ಆದಿತ್ಯವಾರ ಪೂಜೆ ಮುಗಿಸಿ ಬಂದು ಅದರ ಕುತ್ತಿಗೆ ತಡವುತ್ತಿದ್ದ. ಗಂಟು ಬರಲಿಲ್ಲ. ಎರಡು ವರ್ಷ ಕಳೆದ ಮೇಲೆ ಚಿತ್ತರಂಜನರು ನೋಡಿ, "ವೈರಸ್ಸು ಹೊತ್ತುಕೊಂಡಿದ್ದಿದ್ರೆ ಇಷ್ಟು ಹೊತ್ತಿಗೆ ಬೀಳ್ತಿತ್ತು ಅಂತ ಕಾಣ್ತದೆ. ಇದು ಗೆದ್ದದ್ದು" ಎಂದರು.

ಸಂತೋಷ ಆಯಿತಾ ಎಂದು ನಾನು ಕೇಳಿದೆ. ಅವನು ಒಂದು ತಟ್ಟೆ ಬ್ರೆಡ್ಡು ಒಲೆಯಿಂದ ಎಳೆದು ಇಳಿಸಿದ.

"ಗೊತ್ತಾಗ್ಲಿಲ್ಲ" ಎಂದ. "'ಕಾಣ್ತದೆ' ಅಂತ ಹೇಳಿದ್ದಲ್ವಾ ಡಾಕ್ಟ್ರು. ಕಿಟಕಿಯ ಬಲೆ ಇರ್ಲಿ."