ಸವಿತಾಳ ಮೂರು ದಿನದ ರಜೆ

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಈ ತಿಂಗಳಲ್ಲಿ ನೀವು ಬಸ್ಸಿನಲ್ಲಿ ಹೋದರೆ, ಕಿಟಕಿ ಮುಚ್ಚಿದ್ದರೂ ಆ ವಾಸನೆ ಒಳಗೆ ಬರುತ್ತದೆ. ಬ್ಯಾರನ್ನುಗಳಲ್ಲಿ, ಅಂದರೆ ಬೆಂಕಿ ಹಾಕಿ ಸೊಪ್ಪು ಹದ ಮಾಡುವ ಗೂಡುಗಳಲ್ಲಿ, ಹೊಗೆಸೊಪ್ಪು ಬೇಯುವ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ಘಾಟು. ಮೊನ್ನೆ ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿ ಮೂಗಿಗೆ ದುಪಟ್ಟಾ ಹಿಡಿದಳು. ನಾನು ಹಿಡಿಯಲಿಲ್ಲ. ಮೂವತ್ತು ವರ್ಷ ಈ ಸೀಮೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಪಾಠ ಮಾಡಿದವಳು ನಾನು. ಸೊಪ್ಪು ಮುರಿಯುವ ಕಾಲ ಬಂತೆಂದರೆ ನನ್ನ ತರಗತಿಯ ಹೆಣ್ಣುಮಕ್ಕಳ ಬೆಂಚು ಖಾಲಿ. ಎಲ್ಲರೂ ಮನೆಯಲ್ಲಿ ಕಡ್ಡಿಗೆ ಸೊಪ್ಪು ಕಟ್ಟುತ್ತ ಕೂತಿರುತ್ತಿದ್ದರು.

ಸವಿತಾಳನ್ನು ಹುಡುಕಿಕೊಂಡು ಅವಳ ಊರಿಗೆ ಹೋಗಿದ್ದು ಅಂಥ ಒಂದು ಕಾಲದಲ್ಲೇ. ಒಂಬತ್ತನೇ ಕ್ಲಾಸಿನ ಹುಡುಗಿ, ಗಣಿತದಲ್ಲಿ ನನಗಿಂತ ಚುರುಕು. ಅದೇನೂ ದೊಡ್ಡ ಹೊಗಳಿಕೆಯಲ್ಲ, ನಾನು ಸಮಾಜ ಪಾಠದವಳು. ಐವರು ಹೆಣ್ಣುಮಕ್ಕಳಲ್ಲಿ ಅವಳು ಮೂರನೆಯವಳು. ತಾಯಿ ಪುಟ್ಟಮ್ಮ ಆರನೆಯ ಬಸುರಿ. ಈ ಸಲವಾದರೂ ಗಂಡಾಗಲಿ ಎಂದು ಮನೆಯವರು ಕಾಯುತ್ತಿದ್ದರು. "ಎಣ್ ಮಕ್ಳು ಓದಿ ಏನ್ ಮಾಡ್ಬೇಕು, ಬುಡಿ ಮೇಡಮ್ಮೋರೇ" ಎಂದು ಅಪ್ಪ ಎದ್ದು ಹೋದ. ನಾನೂ ಹೊರಟೆ. ಪುಟ್ಟಮ್ಮ ಹೊಟ್ಟೆ ಹೊತ್ತುಕೊಂಡು ರಸ್ತೆಯವರೆಗೂ ಹಿಂದೆ ಬಂದಳು.

"ಅವ್ಳನ್ನ ಓದ್ಸಿ ಮೇಡಮ್ಮೋರೇ. ನಾನು ಹೆತ್ತೂ ಹೆತ್ತೂ ಸವ್ದೋದೆ. ಬ್ಯಾಡ ಅನ್ನಕ್ಕೆ ನಂಗೆ ಬಾಯಿಲ್ಲ. ಅವ್ಳಿಗಾದ್ರೂ ಇರ್ಲಿ."

ಗಂಡನ ಕೈಕಾಲು ಹಿಡಿದಳೋ, ಜಗಳವಾಡಿದಳೋ ಕಾಣೆ. ಮುಂದಿನ ವಾರ ಸವಿತಾ ಬೆಂಚಿನ ಮೇಲಿದ್ದಳು.

ಅವಳು ಓದಿದಳು. ಬಿ.ಎಸ್ಸಿ., ಬಿ.ಎಡ್. ಎರಡನ್ನೂ ಮುಗಿಸಿದಳು. ಅಷ್ಟರಲ್ಲಿ ನಾನು ನಿವೃತ್ತಳಾಗಿ, ಹುಣಸೂರಿನ ಒಂದು ಖಾಸಗಿ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಸೇರಿದ್ದೆ. ನರೆತ ಕೂದಲು, ಗಂಜಿ ಹಾಕಿದ ಸೀರೆ ಇದ್ದರೆ ತಂದೆತಾಯಿಗಳು ನಂಬುತ್ತಾರೆ ಎಂಬುದು ಆಡಳಿತದವರ ಲೆಕ್ಕ. ಸವಿತಾ ಅಲ್ಲಿಗೇ ಗಣಿತದ ಟೀಚರಾಗಿ ಬಂದಳು. ನನ್ನ ಜಂಬ ಕೇಳಬೇಡಿ. ಪ್ರತಿ ಮಹಿಳಾ ದಿನಾಚರಣೆಯಲ್ಲೂ ಒಂದೇ ಭಾಷಣ: ತಾಯಿ ಆರು ಹೆತ್ತಳು, ಮಗಳು ತಾನೇ ತೀರ್ಮಾನ ಮಾಡುತ್ತಾಳೆ, ಶಿಕ್ಷಣ ಎಂದರೆ ಇದು. ಚಪ್ಪಾಳೆ ಬೀಳುತ್ತಿತ್ತು.

ಮದುವೆಯಾದ ಮರುವರ್ಷ ಅವಳು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. "ಮೇಡಂ, ನಂಗೆ ಎರಡು ತಿಂಗಳು."

ಸಂತೋಷವೆಂದು ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ. "ಈಗ್ಲೇ ಬೇಕಿತ್ತೇನೇ? ಹೆರಿಗೆಗೆ ಹೋದ್ರೆ ಈ ಜಾಗ ಇಟ್ಟಿರಲ್ಲ ಅವರು."

ಅದು ನಿಜವಾಗಿತ್ತು. ನಮ್ಮ ಶಾಲೆಯಲ್ಲಿ ಹೆರಿಗೆ ರಜೆಯೆಂಬುದು ಇರಲಿಲ್ಲ. ಬಸುರಿ ಟೀಚರ್ ಮನೆಗೆ ಹೋಗುತ್ತಿದ್ದಳು, ಹೊಸಬಳು ಬರುತ್ತಿದ್ದಳು. ಸವಿತಾಳ ಗಂಡನ ಕೆಲಸ ಹೋಗಿ ಆರು ತಿಂಗಳಾಗಿತ್ತು, ಮನೆ ನಿಂತಿದ್ದು ಅವಳ ಮೇಲೆ. ಅವಳು ಬೆರಳಿನ ಸೀಮೆಸುಣ್ಣ ಉಜ್ಜಿಕೊಳ್ಳುತ್ತ ಹೊರಟು ಹೋದಳು.

ವಾರ ಕಳೆದ ಮೇಲೆ ಮೂರು ದಿನದ ರಜಾಚೀಟಿ ಬಂತು. ಕಾರಣ: ಜ್ವರ. ಸಹಿ ಹಾಕಿದೆ. ನಾಲ್ಕನೇ ದಿನ ಅವಳು ಮೇಜಿನ ಅಂಚು ಹಿಡಿದುಕೊಂಡು ಪಾಠ ಮಾಡುತ್ತಿದ್ದುದನ್ನು ವರಾಂಡದಿಂದ ನೋಡಿ ಮುಂದೆ ನಡೆದೆ. ನಾನೇನೂ ಕೇಳಲಿಲ್ಲ. ಕೇಳದಿರುವುದೇ ಸಭ್ಯತೆ ಅಂದುಕೊಂಡೆ. ನಾನು ಎರಡು ಹೆತ್ತವಳು. ಎರಡು ಸಲವೂ ಸರ್ಕಾರ ಸಂಬಳ ಕೊಟ್ಟು ಮನೆಯಲ್ಲಿ ಕೂರಿಸಿತ್ತು. ತಿರುಗಿ ಬಂದಾಗ ನನ್ನ ಕುರ್ಚಿ ನನಗೇ ಇತ್ತು.

ಐದು ವರ್ಷದ ಮೇಲೆ ಅವಳಿಗೊಬ್ಬ ಮಗಳು ಹುಟ್ಟಿದಳು. ಕೆಲಸ ಹೋಯಿತು, ವರ್ಷ ಕಳೆದು ಬಂದಾಗ ಎಲ್ಲರಿಗಿಂತ ಕಿರಿಯಳಾಗಿ ಸೇರಬೇಕಾಯಿತು. ಅತ್ತೆ "ಒಂದ್ ಗಂಡಾಗ್ಲಿ ಕಣವ್ವ" ಎಂದು ಗೋಗರೆದರೂ ಸವಿತಾ ಆಪರೇಷನ್ ಮಾಡಿಸಿಕೊಂಡಳು. ಆ 'ಬೇಡ' ಅವಳದೇ, ಪುಟ್ಟಮ್ಮ ಬಯಸಿದ್ದ ಬಾಯಿ ಅದು. ಮೊದಲ ಸಲ ತೆಗೆಸಿಕೊಂಡಾಗಿನ 'ಬೇಡ' ಯಾರದು? ಬೇಡವೆಂದು ತಡೆದ ಮಗು, ಬೇಕಿದ್ದೂ ಬಿಟ್ಟುಕೊಟ್ಟ ಮಗು, ಎಣಿಸುವವರಿಗೆ ಎರಡೂ ಒಂದೇ. ನಾನೂ ಹಾಗೇ ಎಣಿಸಿ ಭಾಷಣ ಮಾಡಿದ್ದೆ.

ಕಳೆದ ವಾರ ಶಾಲೆಯಲ್ಲಿ ಸಭೆ. ಎಲ್‌ಕೆಜಿಗೆ ಈ ವರ್ಷ ಸೇರಿದ್ದು ಒಂಬತ್ತೇ ಮಕ್ಕಳು, ಅದರಲ್ಲೊಂದು ಸವಿತಾಳದು. ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಮೇಜು ಕುಟ್ಟಿದರು. "ಓದಿದ್ ಎಣ್ಮಕ್ಳಿಗೆ ಹೆರಕ್ಕೆ ಸೋಮಾರಿತನ ಕಣ್ರೀ. ಅದ್ಕೇ ಊರಲ್ಲಿ ಮಕ್ಳಿಲ್ಲ."

ಸವಿತಾ ಎದ್ದಳು. ದನಿ ಏರಿಸಲಿಲ್ಲ. "ಸಾರ್, ನನ್ನ ಮೊದಲನೇದು ಉಳಿದಿದ್ರೆ ಈಗ ಇಲ್ಲೇ ನಾಲ್ಕನೇ ಕ್ಲಾಸಲ್ಲಿರ್ತಿತ್ತು. ಅವತ್ತು ನಿಮ್ಮ ಶಾಲೆಯಲ್ಲಿ ರಜಾ ಇರ್ಲಿಲ್ಲ."

ಸಭೆ ಮುಗಿದ ಮೇಲೆ ಅವಳನ್ನು ಮೆಟ್ಟಿಲಲ್ಲಿ ತಡೆದೆ. "ಅವತ್ತು ನಾನು ಹಾಗೆ ಹೇಳಬಾರದಿತ್ತು ಕಣೇ."

"ನೀವು ಸುಳ್ಳು ಹೇಳಿದ್ದಿದ್ರೆ ನಿಮ್ಮ ಮೇಲೆ ಸಿಟ್ಟಾದ್ರೂ ಮಾಡ್ಕೋತಿದ್ದೆ ಮೇಡಂ. ನೀವು ಹೇಳಿದ್ದು ನಿಜ" ಎಂದು, ನೋಟ್‌ಬುಕ್ಕುಗಳ ಕಟ್ಟು ಎತ್ತಿಕೊಂಡು ಇಳಿದು ಹೋದಳು.

ಮೊನ್ನೆ ಬಸ್ಸಿನಲ್ಲಿ ನಾನು ಹೊರಟಿದ್ದು ಪಿರಿಯಾಪಟ್ಟಣದಲ್ಲಿರುವ ಕಾರ್ಯದರ್ಶಿಗಳ ಮನೆಗೆ. ಚೀಲದಲ್ಲೊಂದು ಪತ್ರವಿತ್ತು: ಟೀಚರುಗಳಿಗೆ ಸಂಬಳದ ಹೆರಿಗೆ ರಜೆ ಕೊಡಬೇಕು, ಅವರ ಜಾಗ ಹಾಗೇ ಇಡಬೇಕು.

ಓದಿ ನಕ್ಕರು. "ಈ ವಯಸ್ಸಲ್ಲಿ ನಿಮಗ್ಯಾಕೆ ಮೇಡಂ ಬಾಣಂತನದ ರಜಾ?"

ಅವರ ತಮಾಷೆಗೆಲ್ಲ ಇಷ್ಟು ವರ್ಷ ನಕ್ಕಿದ್ದೇನೆ. ಅದೂ ನನ್ನ ಕೆಲಸದ ಒಂದು ಭಾಗವೇ ಆಗಿತ್ತು. ಅವತ್ತು ನಗು ಬರಲಿಲ್ಲ. "ಸಹಿ ಮಾಡಿ, ಇಲ್ಲಾ ಕೊಡಲ್ಲ ಅಂತ ಬರೆದುಕೊಡಿ" ಎಂದೆ.

ಅವರು ಪತ್ರ ಮಡಿಸಿ ನನ್ನ ಕಡೆಗೇ ಸರಿಸಿದರು. "ನಿಮಗೆ ಸುಸ್ತಾಗಿದೆ. ಸೋಮವಾರದಿಂದ ಒಂದು ತಿಂಗಳು ರಜಾ ತಗೊಳ್ಳಿ. ಸಂಬಳ ಕೊಡ್ತೀವಿ."

ಆ ಶಾಲೆಯವರು ಒಬ್ಬ ಹೆಂಗಸಿಗೆ ತಾವಾಗಿ ಕೊಟ್ಟ ಮೊದಲ ರಜೆ ಅದು. ಬೇಡವೆಂದೆ. ಪತ್ರವನ್ನು ಬಿಡಿಸಿ ಮತ್ತೆ ಅವರ ಮುಂದಿಟ್ಟು ಕೂತೆ. ಸಹಿ ಇನ್ನೂ ಆಗಿಲ್ಲ.