ಊರಿಗಾಂನಲ್ಲಿ ಇನ್ನೂ ಬಿಡದ ಶಿಫ್ಟ್

ಫ್ರಿಜ್ ಸರಿಯಾಗಿ ಓಡ್ತಿಲ್ಲ ಅಂತ ಕೆಜಿಎಫ್‌ನ ಊರಿಗಾಂನಿಂದ ರಿಪೇರಿಯವನಾದ ನನಗೆ ಫೋನ್ ಮಾಡಿದ, ಗಣಿಯಲ್ಲಿ ದುಡಿದಿದ್ದ ಅಜ್ಜ ಒಬ್ಬರು, "ಫಸ್ಟ್ ಶಿಫ್ಟ್ ಬಿಟ್ಮೇಲೆ ಬಾಪ್ಪ" ಅಂದಿದ್ದರು. ಚಿನ್ನದ ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು, ಇನ್ನೆಲ್ಲಿಯ ಶಿಫ್ಟು ಅಂದುಕೊಂಡು ನಾನು ಬಂಗಾರಪೇಟೆಯಿಂದ ಬೆಳಗ್ಗೆಯೇ ರೈಲು ಹತ್ತಿದೆ.

ಅಜ್ಜ ಬಾಗಿಲಲ್ಲೇ ತಡೆದರು. "ಕೂತ್ಕೋ. ಅಡುಗೆಮನೆ ಈಗ ನಮ್ಮೋಳ ಶಿಫ್ಟು. ಮಧ್ಯಾಹ್ನ ಸೊಸೆ ಚಾರ್ಜ್ ತಗೋತಾಳೆ, ಆಗ ಒಳಗೋಗು."

ಆ ಮನೆಯಲ್ಲಿ ಹಸು ಹಾಲು ಕೊಡುವುದೂ ಶಿಫ್ಟಿನಲ್ಲೇ, ನಲ್ಲಿಯಲ್ಲಿ ನೀರು ಬರುವುದೂ ಶಿಫ್ಟಿನಲ್ಲೇ. ಊಟದ ನಂತರ ಅಜ್ಜ ಗೊರಕೆ ಹೊಡೆಯುವುದು ಸೆಕೆಂಡ್ ಶಿಫ್ಟಂತೆ.

ಕಾದು ಕಾದು ಹನ್ನೆರಡಾಗುತ್ತಾ ಬಂತು. ವಾಪಸ್ಸು ರೈಲು ತಪ್ಪುತ್ತದೆ ಅನ್ನಿಸಿ, ಅಜ್ಜ ಹಿತ್ತಲಿಗೆ ಹೋದದ್ದೇ ತಡ, ಮೆಲ್ಲಗೆ ಒಳಹೊಕ್ಕೆ. ಅಜ್ಜಿ ಒಲೆಯ ಕಡೆ ತಿರುಗಿದ್ದರು. ಫ್ರಿಜ್ಜಿನ ಹಿಡಿಗೆ ಕೈ ಹಾಕಿದೆ, ಅಷ್ಟೇ. ಕಣ್ಣು ಬಿಟ್ಟಾಗ ನೆಲದ ಮೇಲೆ ಗೋಡೆಗೊರಗಿ ಕೂತಿದ್ದೆ. ಟೆಸ್ಟರ್ ಜೇಬಿನಲ್ಲೇ ಇತ್ತು.

ಓಡಿ ಬಂದ ಅಜ್ಜ ಗದರಿದರು: "ಗಣೀಲಿ ಶಿಫ್ಟ್ ಬಿಟ್ಟು ಓಗೋರು, ಬರೋರ್ಗೆ ಅಪಾಯ ಎಲ್ಲೈತೆ ಅಂತ ತಿಳಿಸ್ದೆ ಓಗಂಗಿಲ್ಲ. ಅದುಕ್ಕೇ ಕಣಪ್ಪ ನಿನ್ನ ಕೂತ್ಕೋ ಅಂದಿದ್ದು!"

ಅಷ್ಟರಲ್ಲಿ ಸೊಸೆ ಬಂದಳು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ವರದಿ ಒಪ್ಪಿಸಿದರು: "ಸಾರು ಇಳ್ಸಿದೀನಿ. ಹಾಲು ಕಾಯ್ಸಿದೀನಿ. ಫ್ರಿಜ್ ಮುಟ್ಟಿದ್ರೆ ಶಾಕ್ ಒಡೀತೈತೆ." ಆಮೇಲೆ ನನ್ನತ್ತ ನೋಡಿ ಸೇರಿಸಿದರು: "ಒಬ್ರು ಬಿದ್ದವ್ರೆ."

ಸೊಸೆ ತಲೆಯಾಡಿಸಿ, ಸಾರು, ಹಾಲಿನ ಜೊತೆಗೆ ನನ್ನನ್ನೂ ಚಾರ್ಜ್ ತೆಗೆದುಕೊಂಡಳು.