ಉಪ್ಪಿನಕಾಯಿ ಕವರಿನ ಮೇಲೆ ನನ್ನ ಬೊಟ್ಟು

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇದನ್ನು ಬರೆಯದೆ ಇರಲಾರೆ. ನನ್ನ ಮುಖ ಅಚ್ಚಾಗಿದೆ. ಅಚ್ಚು ಮಾಡಿದವಳು ನನ್ನ ಮೊಮ್ಮಗಳು!

ಅವಳು ಹರಿಹರದಲ್ಲಿ ಪ್ಲಾಸ್ಟಿಕ್ ಕವರು ಪ್ರಿಂಟ್ ಮಾಡುವ ಕಡೆ ಕೆಲಸ ಕಲಿಯುತ್ತಿದ್ದಳು. ಉಪ್ಪಿನಕಾಯಿ ಕವರಿಗೆ ಒಬ್ಬ ಅಜ್ಜಿಯ ಮುಖ ಬೇಕೆಂದು ಗಿರಾಕಿ ಕೇಳಿದಾಗ ನನ್ನ ಫೋಟೋ ಕೊಟ್ಟುಬಿಟ್ಟಳು. ಅವಳೊಬ್ಬಳೇ ಮಾಡುವ ಮೊದಲ ಪ್ಲೇಟು ಅದು. ಸರಿ ಬಂದರೆ ಪ್ಲೇಟಿನ ಕೆಲಸ ಅವಳಿಗೇ, ಇಲ್ಲದಿದ್ದರೆ ಮತ್ತೆ ಕವರು ಕಟ್ಟುವ ಕಡೆಗೆ. ನಾನು ಮನೆಯಲ್ಲಿ ಕೂರುತ್ತೇನೆಯೇ? ವಿನೋಬನಗರದ ಮನೆಯಿಂದ ಬಸ್ ಸ್ಟ್ಯಾಂಡಿಗೆ ಆಟೋ, ಅಲ್ಲಿಂದ ಹರಿಹರಕ್ಕೆ ಬಸ್ಸು. ಹೋಗಿ ಯಂತ್ರದ ಮುಂದೆಯೇ ಕುರ್ಚಿ ಹಾಕಿಸಿಕೊಂಡೆ.

ಪ್ಲೇಟು ಎಂದರೆ ಊಟದ ತಟ್ಟೆಯಲ್ಲ. ರಬ್ಬರಿನಂಥ ಮೆತ್ತನೆ ಹಾಳೆ; ಅದರಲ್ಲಿ ನನ್ನ ಮೂಗು, ಕೆನ್ನೆ ಎಲ್ಲ ಉಬ್ಬಿಕೊಂಡಿರುತ್ತವೆ. ಅದನ್ನು ರೋಲಿಗೆ ಸುತ್ತಿ ಅಂಟಿಸುತ್ತಾರೆ. ಉಬ್ಬಿದಲ್ಲಿ ಬಣ್ಣ ಹತ್ತಿ ಕವರಿಗೆ ಒತ್ತುತ್ತದೆ.

ಯಂತ್ರ ತಿರುಗಿತು. ಕವರಿನ ಮೇಲೆ ನಾನು ಹೊರಗೆ ಬಂದೆ! ಆದರೆ ನನ್ನ ದುಂಡನೆಯ ಬೊಟ್ಟು ಕೋಳಿಮೊಟ್ಟೆಯಂತೆ ಉದ್ದವಾಗಿತ್ತು.

"ಏನಮ್ಮ ಇದು? ಅಜ್ಜಿ ಹಣೆ ಮ್ಯಾಲೆ ಮೊಟ್ಟೆ ಇಟ್ಟೀಯಲ್ಲ!" ಎಂದರು ಮಾಲೀಕರು. ಮೊಮ್ಮಗಳ ಕಣ್ಣು ತುಂಬಿತು.

ನನಗೆ ತಡೆಯಲಾಗಲಿಲ್ಲ. ಬಚ್ಚಲಿಗೆ ಓಡಿ, ಹಣೆಯ ಕುಂಕುಮವನ್ನು ಮೇಲಕ್ಕೂ ಕೆಳಕ್ಕೂ ಎಳೆದು ಬಂದೆ. "ನೋಡ್ರಿ ಸಾವ್ಕಾರ್ರೆ, ನನ್ ಬೊಟ್ಟೇ ಹಿಂಗೈತೆ. ಹುಡುಗೀದೇನೂ ತಪ್ಪಿಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೊಮ್ಮಗಳೂ ನಕ್ಕಳು. "ಅಜ್ಜಿ, ಮೊದ್ಲು ಮುಖ ತೊಳ್ಕೊ ಹೋಗು. ಸರ್, ಪ್ಲೇಟು ಸುತ್ತಿದ್ರೆ ಜಗ್ಗಿ ಚಿತ್ರ ಉದ್ದ ಆಗ್ತೈತ್ರಿ. ಮೊದ್ಲೇ ಗಿಡ್ಡ ಮಾಡ್ಬೇಕಿತ್ತು, ಮರೆತೆ. ಇನ್ನೊಂದು ಮಾಡ್ತೀನ್ರಿ."

ಸಂಜೆಗೆ ಎರಡನೇ ಪ್ಲೇಟು ತಯಾರಾಯಿತು. ಮೇಜಿನ ಮೇಲೆ ಅದನ್ನು ಕಂಡು ಹೌಹಾರಿದೆ. ಯಾರೋ ಮೇಲೆ ಕೂತೆದ್ದಂತೆ ನನ್ನ ಮುಖ ಕುಸಿದಿತ್ತು.

"ಅಯ್ಯೋ, ಕುಂಬಳಕಾಯಿ ಮಾಡಿಟ್ಟೀಯಲ್ಲೇ!"

"ನೀ ಸುಮ್ಕಿರು ಅಜ್ಜಿ!"

ರೋಲಿಗೆ ಸುತ್ತಿ ಒತ್ತಿದರು. ಮುಖ ಮುಖವಾಯಿತು, ಬೊಟ್ಟು ಬಳೆಯಷ್ಟು ದುಂಡಗಾಯಿತು! ಮಾಲೀಕರು ಕವರನ್ನು ಬೆಳಕಿಗೆ ಹಿಡಿದು ನೋಡಿ, "ನಾಳೆಯಿಂದ ಪ್ಲೇಟಿನ ಕೆಲ್ಸ ನಿಂದೇ ನೋಡಮ್ಮ" ಎಂದರು.

ವಾಪಸು ಬರುವಾಗ ಕಂಡಕ್ಟರು ಉಚಿತ ಟಿಕೆಟಿಗೆ ಆಧಾರ್ ಕೇಳಿದ. ನಾನು ಜೊತೆಗೆ ತಂದಿದ್ದ ಕವರನ್ನೇ ಅವನ ಮುಖಕ್ಕೆ ಹಿಡಿದೆ. "ನಮ್ ಹುಡುಗಿ ಮಾಡಿದ್ದು ಕಣಪ್ಪ! ಬೊಟ್ಟು ಹೆಂಗೈತೆ ನೋಡು!"

ಅವನು ಕವರು ನೋಡಿದ, ನನ್ನನ್ನು ನೋಡಿದ.

"ಚಂದ ಐತೆ ಬಿಡಜ್ಜಿ. ಆದ್ರೆ ಉಪ್ಪಿನಕಾಯಿಗೆ ಫ್ರೀ ಇಲ್ಲ. ಆಧಾರ್ ತೆಗೀರಿ."